ಅಗೆದು ಹೋದವರು ಊರಿಗೆ ಏನು ಹೇಳಿ ಹೋದರು?

ಪುರಾತತ್ವ ಓದಿದವರು ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಬ್ರಹ್ಮಗಿರಿಯ ಹೆಸರು ಕೇಳಿರುತ್ತಾರೆ. ನಮ್ಮ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ. ಆದರೆ ಅದೇ ಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದ, ಅದೇ ಹೊಲದಲ್ಲಿ ಶೇಂಗಾ ಬಿತ್ತುವ ಜನರನ್ನು "ಇಲ್ಲಿ ಅಗೆದಾಗ ಏನು ಸಿಕ್ಕಿತು?" ಎಂದು ಕೇಳಿ ನೋಡಿ. "ಬಂಗಾರ ಸಿಕ್ತಂತೆ, ತಗೊಂಡು ಹೋದ್ರಂತೆ" ಎನ್ನುತ್ತಾರೆ. ನನ್ನ ಶಾಲೆಯ ಮಕ್ಕಳೂ ಇದನ್ನೇ ಹೇಳುತ್ತಾರೆ, ಅವರ ಅಜ್ಜಂದಿರೂ ಇದನ್ನೇ ಹೇಳುತ್ತಾರೆ. ಇದು ಜನರ ದಡ್ಡತನ ಅಲ್ಲವೇ ಅಲ್ಲ. ಅಗೆದವರು ಬಂದು ಕೂತು ಹೇಳಲಿಲ್ಲ, ಅಷ್ಟೇ. ಹೇಳದೇ ಹೋದ ಜಾಗದಲ್ಲಿ ಬಂಗಾರದ ಕಥೆ ಹುಟ್ಟಿಕೊಳ್ಳುತ್ತದೆ, ಆ ಕಥೆ ಕೇಳಿದ ಕಳ್ಳರು ರಾತ್ರಿ ಗುದ್ದಲಿ ಹಿಡಿದು ಬರುತ್ತಾರೆ.

ನಾನು ಈ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಪುರಾತತ್ವದಲ್ಲಿ ಡಿಗ್ರಿ ಮಾಡಿದವನಲ್ಲ. ಆದರೆ ಈ ವಿಷಯ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಇಲ್ಲಿ ನಡೆದದ್ದು ಏನು ಅಂತ ನೋಡೋಣ. 1892ರಲ್ಲಿ ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸುತ್ತಿದ್ದ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನಗಳನ್ನು ಗುರುತಿಸಿದರು. ಮೂರೂ ಹತ್ತಿರ ಹತ್ತಿರವೇ ಇವೆ. ಪುಸ್ತಕಗಳಲ್ಲಿ "ರೈಸ್ ಪತ್ತೆ ಹಚ್ಚಿದರು" ಎಂದೇ ಇರುತ್ತದೆ. ರೈಸ್ ದೊಡ್ಡ ಕೆಲಸ ಮಾಡಿದ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಅವರು ಹೊರತಂದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ಪೂರ್ತಿ ನಮ್ಮ ಹಳೇ ಚಿತ್ರದುರ್ಗ ಜಿಲ್ಲೆಯದೇ, ದಾವಣಗೆರೆ ಹರಿಹರ ಎಲ್ಲಾ ಅದರೊಳಗೇ ಬರುತ್ತವೆ. ಆದರೆ ಅವರು ಬರುವ ಹೊತ್ತಿಗೆ ಬ್ರಹ್ಮಗಿರಿಯ ಆ ಬಂಡೆಗೆ ಊರವರು ಅಕ್ಷರ ಗುಂಡು ಅಂತಲೇ ಕರೆಯುತ್ತಿದ್ದರು. ಜಟಿಂಗ ರಾಮೇಶ್ವರದ ಬಂಡೆಗೆ ಬಳೆಗಾರರ ಗುಂಡು ಅಂತ ಹೆಸರಿತ್ತು, ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಅಂಗಡಿ ಹಾಕುತ್ತಿದ್ದರು. ಅಂದರೆ ಅಲ್ಲಿ ಬರಹ ಇದೆ ಅನ್ನೋದು ಊರಿಗೆ ಮೊದಲೇ ಗೊತ್ತಿತ್ತು. ಓದಲು ಬರುತ್ತಿರಲಿಲ್ಲ, ಅಷ್ಟೇ. ಬ್ರಾಹ್ಮಿ ಲಿಪಿ ಓದುವವರು ಆಗ ಪ್ರಪಂಚದಲ್ಲೇ ಎಷ್ಟು ಜನ ಇದ್ದರು?

ಆಮೇಲೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ಅಗೆದರು. 1947ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಬಂದರು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ. ಪದರ ಪದರವಾಗಿ ಅಗೆದು, ತೀರಾ ಕೆಳಗೆ ನಯ ಮಾಡಿದ ಕಲ್ಲಿನ ಕೊಡಲಿ ಬಳಸುತ್ತಿದ್ದ ಜನ, ಅವರ ಮೇಲೆ ಕಬ್ಬಿಣ ಬಳಸಿ ದೊಡ್ಡ ಕಲ್ಲಿನ ಸಮಾಧಿ ಕಟ್ಟಿದ ಜನ, ಅದರ ಮೇಲೆ ಶಾತವಾಹನರ ಕಾಲದ ಜನ ಎಂದು ಮೂರು ಕಾಲಗಳನ್ನು ಬಿಡಿಸಿ ತೋರಿಸಿದರು. ಕಲ್ಲಿನ ಕೊಡಲಿಯ ಕಾಲಕ್ಕೆ ವೀಲರ್ ಕೊಟ್ಟ ಅಂದಾಜು ಆಮೇಲೆ ಬಂದ ಕಾರ್ಬನ್ ಪರೀಕ್ಷೆಗಳಿಂದ ತುಂಬಾ ಹಿಂದಕ್ಕೆ ಸರಿಯಿತು, ಆದರೆ ಯಾವುದರ ಮೇಲೆ ಯಾವುದು ಅನ್ನುವ ಕ್ರಮ ನಿಂತಿತು. ದಕ್ಷಿಣ ಭಾರತದ ಎಷ್ಟೋ ಜಾಗಗಳ ಕಾಲ ಹೇಳಲು ಮುಂದೆ ಇದೇ ಆಧಾರವಾಯಿತು.

ವರದಿ ಇಂಗ್ಲಿಷಿನಲ್ಲಿ ಬಂತು. ಒಳ್ಳೆಯ ವರದಿ, ಚಿತ್ರಗಳು, ಅಳತೆಗಳು ಎಲ್ಲಾ ಇವೆ. ಅದು ಬಂದು ಮುಕ್ಕಾಲು ಶತಮಾನ ಕಳೆದಿದೆ. ಆ ಗುಂಡಿಗಳಲ್ಲಿ ಮಣ್ಣು ಹೊತ್ತ ಕೂಲಿಯವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ಪಿಯುಸಿ, ಡಿಗ್ರಿ ಓದುತ್ತಿದ್ದಾರೆ. ಅವರ ಕೈಗೆ ಆ ವರದಿಯ ಸಾರ ಹೇಳುವ ಹತ್ತು ಪುಟದ ಕನ್ನಡ ಪುಸ್ತಿಕೆಯನ್ನೂ ಯಾರೂ ತಂದುಕೊಟ್ಟಿಲ್ಲ.

ಆ ವರದಿಯಲ್ಲಿ ಒಂದು ವಿಷಯ ಇದೆ. ಕಲ್ಲಿನ ಕೊಡಲಿ ಕಾಲದ ಜನ, ಎಳೆ ಕೂಸು ತೀರಿಕೊಂಡರೆ ಮಡಕೆಯೊಳಗೆ ಇಟ್ಟು ಹೂಳುತ್ತಿದ್ದರು. ದೊಡ್ಡವರನ್ನು ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ತರಗತಿಯಲ್ಲಿ ಇದನ್ನು ಹೇಳಿದ ಮೇಲೆ ಒಬ್ಬ ಹುಡುಗಿ ಮನೆಗೆ ಹೋಗಿ ಅಜ್ಜಿಗೆ ಹೇಳಿದಳಂತೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾಯಿ ಹೊಟ್ಟೆ ತರಾನೇ ಮಡಕೆ, ಬೆಚ್ಚಗಿರ್ಲಿ ಅಂತ ಇಟ್ಟಿದ್ದಾರು" ಅಂದರಂತೆ. ಇದು ಸರಿಯೋ ತಪ್ಪೋ, ಪುರಾತತ್ವದವರು ಪರೀಕ್ಷೆ ಮಾಡಲು ಬರುವಂಥದ್ದಲ್ಲ. ಆದರೆ ಸಾವಿರಾರು ವರ್ಷದ ಹಿಂದಿನ ಒಂದು ಮಡಕೆ ಆ ಅಜ್ಜಿಗೆ ಅವತ್ತು ತನ್ನ ಊರಿನದಾಯಿತು. ನನಗೆ ಬೇಕಿರುವುದು ಇದೇ.

ಊರವರಿಗೆ ಹೇಳಬೇಕು ಅಂದಾಗ ಎಷ್ಟೋ ಜನ ಅದನ್ನು ದಾನ ಕೊಟ್ಟ ಹಾಗೆ ಅಂದುಕೊಳ್ಳುತ್ತಾರೆ. ನಾವು ತಿಳಿದವರು, ಅವರಿಗೆ ತಿಳಿಸುತ್ತೇವೆ, ಅರಿವು ಮೂಡಿಸುತ್ತೇವೆ. ಈ ಅರಿವು ಮೂಡಿಸುವ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಊರವರಿಂದ ಪುರಾತತ್ವ ಕಲಿಯುವುದು ಬೇಕಾದಷ್ಟಿದೆ.

ಒಂದು ಮಡಕೆ ಚೂರಿನ ಕಥೆ ಹೇಳುತ್ತೇನೆ. ಹಳೇ ಕಲ್ಲು ಸಮಾಧಿಗಳ ಆಸುಪಾಸಿನ ಹೊಲಗಳಲ್ಲಿ ಒಂದು ಜಾತಿಯ ಬೋಕಿ ಸಿಗುತ್ತದೆ. ಹೊರಗೆ ಕೆಂಪು, ಒಳಗೆ ಅಚ್ಚ ಕಪ್ಪು, ಬಾಯಿಯ ಅಂಚಿನ ಹೊರಗಡೆಯೂ ಒಂದೆರಡು ಬೆರಳಿನಷ್ಟು ಕಪ್ಪು. ಪುಸ್ತಕದಲ್ಲಿ ಇದಕ್ಕೆ ಕಪ್ಪು ಕೆಂಪು ಮಡಕೆ ಅಂತಾರೆ. ಉಳುಮೆ ಮಾಡಿದ ಹೊಲದ ಬದುವಿನಲ್ಲಿ ಬಿದ್ದಿದ್ದ ಅಂಥದ್ದೊಂದನ್ನು ನಾನು ಒಬ್ಬ ಕುಂಬಾರ ಅಜ್ಜನಿಗೆ ತೋರಿಸಿದೆ. ಪುಸ್ತಕದಲ್ಲಿ ಇರುವುದನ್ನು ಮೊದಲೇ ಹೇಳಲಿಲ್ಲ. ಅಜ್ಜ ಅದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಮುರಿದ ಅಂಚನ್ನು ನೋಡಿದರು, ಹೆಬ್ಬೆರಳಿನಿಂದ ಒಳಮೈ ಸವರಿದರು.

"ಬೋರಲು ಹಾಕಿ ಸುಟ್ಟವ್ರೆ ಮೇಷ್ಟ್ರೆ. ಬಾಯಿ ಕೆಳಕ್ಕೆ. ಒಳಗೆ ಹೊಟ್ಟೋ ಎಲೆಯೋ ಏನೋ ತುಂಬಿದ್ದಾರು. ಗಾಳಿ ಆಡಿಲ್ಲ, ಹೊಗೆ ಒಳಗೇ ಕುಂತೈತೆ. ಈ ಅಂಚು ಬೂದಿಯಾಗೆ ಹೂತಿತ್ತು ನೋಡಿ, ಅದಕ್ಕೇ ಹೊರಗೂ ಕಪ್ಪಾಗೈತೆ."

ಪುರಾತತ್ವ ಪುಸ್ತಕಗಳಲ್ಲಿ ಇದೇ ವಿವರಣೆ ಇದೆ. ಗಾಳಿ ಸಿಗದ ಕಡೆ ಕಪ್ಪು, ಸಿಕ್ಕ ಕಡೆ ಕೆಂಪು. ಅಜ್ಜ ಪುಸ್ತಕದಲ್ಲಿ ಇಲ್ಲದ ಇನ್ನೊಂದು ಮಾತನ್ನೂ ಹೇಳಿದರು. ಈ ಮಣ್ಣು ಹೊಳೆ ದಂಡೆಯದ್ದಲ್ಲ, ಕೆರೆ ಮಣ್ಣು, ಅದಕ್ಕೆ ಸಣ್ಣ ಮರಳು ಕಲಸಿದ್ದಾರೆ ಅಂತ. ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಬಹುದು. ಸರಿ ಇದ್ದರೆ, ಆ ಕಾಲದಲ್ಲಿ ಮಣ್ಣು ಎಲ್ಲಿಂದ ತಂದರು ಅನ್ನುವುದಕ್ಕೆ ಒಂದು ದಾರಿ ಸಿಕ್ಕ ಹಾಗೆ. ಇಂಥವರನ್ನು ಉತ್ಖನನದ ಜಾಗಕ್ಕೆ ಕೂಲಿಗೆ ಕರೆಯುತ್ತಾರೆ. ಚೂರುಗಳನ್ನು ಹರವಿಕೊಂಡು ವಿಂಗಡಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡು ಕೇಳುವುದಿಲ್ಲ. ವರದಿಯಲ್ಲಿ ಹೆಸರಂತೂ ಬರುವುದೇ ಇಲ್ಲ.

ದನದ ವಿಷಯವೂ ಹಾಗೇ. ಬಳ್ಳಾರಿ ಕಡೆ ಕುಡತಿನಿಯಲ್ಲಿ ಬೂದಿ ದಿಬ್ಬ ಇದೆ, ನೋಡಿರಬಹುದು. ರಾಕ್ಷಸ ಹಿಡಿಂಬನನ್ನು ಭೀಮ ಸುಟ್ಟ ಬೂದಿ ಅಂತ ಜನ ಹೇಳುತ್ತಾರೆ. ಅದು ಸಗಣಿ ಸುಟ್ಟ ಬೂದಿ. ಕಲ್ಲಿನ ಕೊಡಲಿ ಕಾಲದ ಜನ ದನ ಕೂಡುತ್ತಿದ್ದ ಜಾಗದಲ್ಲಿ ಸಗಣಿ ಗುಡ್ಡೆ ಬಿದ್ದು, ಅದಕ್ಕೆ ಬೆಂಕಿ ಹಾಕಿ, ಮತ್ತೆ ದನ ಕೂಡಿ, ಮತ್ತೆ ಸುಟ್ಟು, ಹೀಗೆ ಬೆಳೆದದ್ದು. ತೆಲಂಗಾಣದ ಉಟ್ನೂರಿನಲ್ಲಿ ಎಫ್. ಆರ್. ಆಲ್ಚಿನ್ ಎಂಬ ವಿದ್ವಾಂಸರು ಅಂಥ ದಿಬ್ಬವನ್ನು ಅಗೆದಾಗ ಬೂದಿಯ ಪದರದಲ್ಲಿ ದನದ ಗೊರಸಿನ ಗುರುತುಗಳೇ ಸಿಕ್ಕವು, ಸುತ್ತ ಬೇಲಿಗೆ ಗೂಟ ನೆಟ್ಟ ಗುಳಿಗಳೂ ಸಿಕ್ಕವು. ನಮ್ಮ ಹಬ್ಬಗಳಲ್ಲಿ ದನಗಳನ್ನು ಬೆಂಕಿ ದಾಟಿಸುವುದಕ್ಕೂ ಆ ಬೂದಿಗೂ ಸಂಬಂಧ ಇರಬಹುದು ಅಂತಲೂ ಅವರು ಬರೆದರು. ಸಂಕ್ರಾಂತಿಯ ಕಿಚ್ಚು ನಮಗೆ ಹೊಸದೇ?

ಈಗ ಮೊಳಕಾಲ್ಮುರು, ಚಳ್ಳಕೆರೆ ಕಡೆ ಬನ್ನಿ. ಇಲ್ಲಿ ದೇವರ ಎತ್ತುಗಳು ಇವೆ. ಮ್ಯಾಸಬೇಡರು, ಕಾಡುಗೊಲ್ಲರು ದೇವರ ಹೆಸರಿನಲ್ಲಿ ಬಿಟ್ಟ ದನದ ಹಿಂಡುಗಳು. ಅವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವ ಕಿಲಾರಿಗಳು ಅವುಗಳ ಜೊತೆಗೇ ಇರುತ್ತಾರೆ. ಮಳೆ ಹೋದ ವರ್ಷ ಮೇವು ಹುಡುಕಿಕೊಂಡು ಎಲ್ಲಿಗೆ ಹೊಡೆಯಬೇಕು, ರಾತ್ರಿ ಎಲ್ಲಿ ಕೂಡಬೇಕು, ರೊಪ್ಪದ ಬಾಯಿ ಯಾವ ದಿಕ್ಕಿಗಿರಬೇಕು, ಸಗಣಿ ಎಷ್ಟು ದಿನಕ್ಕೆ ಎಷ್ಟು ಏರುತ್ತದೆ, ಜಾಗ ಯಾವಾಗ ಬದಲಾಯಿಸಬೇಕು, ಒಣಗಿದ ಸಗಣಿಗೆ ಬೆಂಕಿ ಬಿದ್ದರೆ ಎಷ್ಟು ದಿನ ಒಳಗೊಳಗೇ ಉರಿಯುತ್ತದೆ, ಇದೆಲ್ಲಾ ಅವರಿಗೆ ಬಾಯಿಪಾಠ. ದನ ಸಾಕಿದವರ ನಾಲ್ಕು ಸಾವಿರ ವರ್ಷದ ಹಿಂದಿನ ಬದುಕನ್ನು ಅರ್ಥ ಮಾಡಿಕೊಳ್ಳಬೇಕು ಅಂದರೆ, ಇವರಿಗಿಂತ ಒಳ್ಳೆಯ ಗುರುಗಳು ಎಲ್ಲಿ ಸಿಗುತ್ತಾರೆ? ಇವರು ಅದೇ ಹಳೇ ಜನರ ನೇರ ಸಂತತಿ ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ ಬಯಲು, ಅದೇ ಬಿಸಿಲು, ಅದೇ ಕಡಿಮೆ ಮಳೆ, ಅದೇ ದನ. ಕೇಳಬೇಕಾದ ಪ್ರಶ್ನೆಗಳು ಇವರ ಹತ್ತಿರ ಇವೆ.

ಇಷ್ಟೆಲ್ಲಾ ಇದ್ದರೂ ಜನ ಯಾಕೆ ಹತ್ತಿರ ಬರುವುದಿಲ್ಲ? ಹೆದರಿಕೆ. ಹೊಲದಲ್ಲಿ ಏನಾದರೂ ಸಿಕ್ಕಿತು ಅಂತ ಹೇಳಿದರೆ ಹೊಲವೇ ಹೋಗುತ್ತದೆ ಅನ್ನುವ ಹೆದರಿಕೆ. ಬೋರ್‌ವೆಲ್ ಪೈಪಿಗೆ ಕಾಲುವೆ ತೆಗೆಯುವಾಗ ದೊಡ್ಡ ಮಡಕೆ ಸಿಕ್ಕರೆ ಅವತ್ತೇ ಒಡೆದು ಮುಚ್ಚುತ್ತಾರೆ. ಕೆರೆ ಹೂಳು ತೆಗೆಯುವಾಗ ಜೆಸಿಬಿಗೆ ಶಾಸನದ ಕಲ್ಲು ಸಿಕ್ಕರೆ ಏರಿಯ ಒಳಗೆ ಸೇರಿಸಿಬಿಡುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಎರಡು ಎಕರೆ ಖುಷ್ಕಿ ಇರುವ ಮನುಷ್ಯ ಇನ್ನೇನು ಮಾಡುತ್ತಾನೆ?

ನಿಜಕ್ಕೂ ಕಾನೂನು ಏನು ಹೇಳುತ್ತದೆ ಅಂತ ಯಾರಾದರೂ ಗ್ರಾಮಸಭೆಯಲ್ಲಿ ನಿಂತು ಹೇಳಿದರೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ. ಹೊಲದಲ್ಲಿ ಬೋಕಿ ಸಿಕ್ಕಿತು ಅಂದ ಮಾತ್ರಕ್ಕೆ ಹೊಲ ಸರ್ಕಾರದ್ದಾಗುವುದಿಲ್ಲ. ಕೇಂದ್ರದ 1958ರ ಸ್ಮಾರಕ ಕಾಯ್ದೆಯ ಪ್ರಕಾರ ಒಂದು ಜಾಗವನ್ನು ಸಂರಕ್ಷಿತ ಅಂತ ಘೋಷಿಸುವ ಮುಂಚೆ ಸರ್ಕಾರ ನೋಟಿಸ್ ಹೊರಡಿಸಬೇಕು, ಆ ಜಾಗದ ಹತ್ತಿರ ಎಲ್ಲರಿಗೂ ಕಾಣುವ ಕಡೆ ಅದನ್ನು ಅಂಟಿಸಬೇಕು, ತಕರಾರು ಇದ್ದವರು ಎರಡು ತಿಂಗಳ ಒಳಗೆ ಹೇಳಬಹುದು. ಇದು ಜನರ ಹಕ್ಕು. ಆದರೆ ಹಕ್ಕು ಇದೆ ಅನ್ನೋದೇ ಗೊತ್ತಿಲ್ಲದಿದ್ದರೆ ಎರಡು ತಿಂಗಳೂ ಒಂದೇ, ಎರಡು ವರ್ಷವೂ ಒಂದೇ.

ಹಾಗಂತ ಜನರ ಹೆದರಿಕೆ ಪೂರ್ತಿ ಸುಳ್ಳು ಅಂತಲೂ ಹೇಳಲಾರೆ. 2010ರ ತಿದ್ದುಪಡಿ ಆದ ಮೇಲೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ತನಕ ಕಟ್ಟಲು ಅನುಮತಿ ಬೇಕು. ಹಳೇ ಮನೆಯ ರಿಪೇರಿಗೂ ಅನುಮತಿ ಬೇಕು. ಕೋಟೆಯ ಮಗ್ಗುಲಲ್ಲಿ ತಲೆಮಾರುಗಳಿಂದ ಇರುವ ಬಡವನಿಗೆ ಸೋರುವ ಮಾಳಿಗೆ ಸರಿ ಮಾಡಿಸಲು ಅರ್ಜಿ ಹಿಡಿದು ಅಲೆಯುವ ಸ್ಥಿತಿ ಬಂದರೆ, ಆತನಿಗೆ ಆ ಕೋಟೆಯ ಮೇಲೆ ಪ್ರೀತಿ ಹೇಗೆ ಉಳಿಯುತ್ತದೆ ಹೇಳಿ. ಹಂಪಿಯಲ್ಲಿ ಆಗಿದ್ದು ನೆನಪಿದೆ ಅಲ್ವಾ? 2011ರಲ್ಲಿ ವಿರೂಪಾಕ್ಷ ದೇವಸ್ಥಾನದ ಎದುರಿನ ಬಜಾರದ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದ ಜನರನ್ನು ಜೆಸಿಬಿ ತಂದು ಎಬ್ಬಿಸಿದರು. ಮಂಟಪ ಉಳಿಯಬೇಕು, ನಿಜ. ಗೋಡೆ ಎಬ್ಬಿಸಿ ಕಂಬ ಮುಚ್ಚಿದ್ದೂ ನಿಜ. ಆದರೆ ವರ್ಷಗಟ್ಟಲೆ ಆಗಲು ಬಿಟ್ಟು, ಒಂದು ದಿನ ಬಂದು ಕೆಡವುವುದು ರಕ್ಷಣೆ ಅಲ್ಲ. ಬಜಾರ ಅಂದಮೇಲೆ ಅಲ್ಲಿ ಜನ ಇರಬೇಕು, ಹೇಗೆ ಇರಬೇಕು ಅನ್ನುವುದನ್ನು ಆ ಜನರ ಜೊತೆಗೇ ಕೂತು ತೀರ್ಮಾನ ಮಾಡಬೇಕಿತ್ತು.

ನಮ್ಮ ಕಡೆಯದೇ ಒಂದು ಸಣ್ಣ ಘಟನೆ. ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಮಕ್ಕಳು ಪ್ರತಿ ವರ್ಷ ತಮ್ಮ ತಮ್ಮ ಊರಿನ ಹಳೇ ಕಲ್ಲುಗಳ ಪಟ್ಟಿ ಮಾಡುತ್ತಾರೆ. ಎಲ್ಲಿದೆ, ಎಷ್ಟು ಎತ್ತರ, ಏನು ಕೆತ್ತಿದೆ, ಊರವರು ಅದಕ್ಕೆ ಏನಂತಾರೆ. ಒಬ್ಬ ಹುಡುಗ ಹಿಟ್ಟಿನ ಗಿರಣಿಯ ಹಿಂದೆ ಬಟ್ಟೆ ಒಗೆಯುವ ಕಲ್ಲನ್ನು ಪಟ್ಟಿಗೆ ಸೇರಿಸಿದ್ದ. ಹೋಗಿ ನೋಡಿದರೆ ಒಳ್ಳೇ ವೀರಗಲ್ಲು, ಅಡ್ಡ ಮಲಗಿಸಿದ್ದರು. ಸೋಪಿನ ಜಿಡ್ಡು ತೊಳೆದಾಗ ಕೆಳಗಿನ ಪಟ್ಟಿಕೆಯಲ್ಲಿ ಸಾಲಾಗಿ ದನಗಳು, ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬ, ಎದುರಿಗೆ ನಾಲ್ಕೈದು ಜನ ಕಂಡರು. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಕರೆದೊಯ್ಯುತ್ತಿದ್ದಾರೆ, ಮೇಲೆ ಲಿಂಗ, ಸೂರ್ಯ, ಚಂದ್ರ. ತುರುಗೋಳಿನಲ್ಲಿ, ಅಂದರೆ ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತ ಒಬ್ಬ ಮನುಷ್ಯ. ಹುಡುಗರು ಇದನ್ನು ಊರಲ್ಲಿ ಹೇಳಿದರು. ಅದೇ ವಾರ ಗಂಡಸರು ಸೇರಿ ಹಗ್ಗ ಹಾಕಿ ಎಳೆದು ಕಲ್ಲನ್ನು ಚಾವಡಿ ಪಕ್ಕ ನಿಲ್ಲಿಸಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ಬೇರೆ ಚಪ್ಪಡಿಯನ್ನೂ ತಂದು ಹಾಕಿದರು. ಈ ಕೊನೆಯ ಕೆಲಸ ನನಗೆ ತುಂಬಾ ಹಿಡಿಸಿತು. ಒಂದು ಕಲ್ಲನ್ನು ಉಳಿಸುವಾಗ ಅದನ್ನು ಬಳಸುತ್ತಿದ್ದವರ ಕೆಲಸ ಕೆಡಬಾರದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಪಕ್ಕದ ಊರಿನಲ್ಲಿ ಬೇರೆಯೇ ಆಯಿತು. ಅಲ್ಲಿಯ ಒಂದು ಶಾಸನದ ಕಲ್ಲನ್ನು ಜೀಪಿನಲ್ಲಿ ಬಂದವರು ಮ್ಯೂಸಿಯಂಗೆ ಅಂತ ಹೇಳಿ ಎತ್ತಿಕೊಂಡು ಹೋದರು. ರಸೀದಿ ಇಲ್ಲ, ಪಂಚನಾಮೆ ಇಲ್ಲ, ಎಲ್ಲಿಟ್ಟಿದ್ದೇವೆ ಅಂತ ಆಮೇಲೆ ಒಂದು ಕಾಗದವೂ ಬರಲಿಲ್ಲ. ಈಗ ಆ ಊರಿನವರು ನಮ್ಮ ಮಕ್ಕಳಿಗೂ ಕಲ್ಲು ತೋರಿಸುವುದಿಲ್ಲ.

ಕಲ್ಲನ್ನು ಸುರಕ್ಷಿತ ಜಾಗಕ್ಕೆ ಒಯ್ಯಬೇಕಾಗಿ ಬರಬಹುದು. ನಿಧಿಗಳ್ಳರ ಕಾಟ ನಮ್ಮ ಜಿಲ್ಲೆಯಲ್ಲಿ ಸಣ್ಣದೇನಲ್ಲ. ಪಾಳು ದೇವಸ್ಥಾನದ ಗರ್ಭಗುಡಿ ಅಗೆದು, ನಂದಿಯ ಹೊಟ್ಟೆ ಸೀಳಿ ಹೋದದ್ದನ್ನು ಎಲ್ಲರೂ ನೋಡಿದ್ದೇವೆ. ಕಲ್ಲು ಸಮಾಧಿಯೊಳಗೆ ಹಳೇ ಮೂಳೆ, ಮಡಕೆ, ತುಕ್ಕು ಹಿಡಿದ ಕಬ್ಬಿಣ ಇರುತ್ತದೆಯೇ ಹೊರತು ಕೊಪ್ಪರಿಗೆ ಇರುವುದಿಲ್ಲ. ಇದನ್ನು ಊರಿಗೆ ಬಿಡಿಸಿ ಹೇಳಿದರೆ ಅರ್ಧ ಕಳ್ಳತನ ತಾನೇ ನಿಲ್ಲುತ್ತದೆ. ಉಳಿದ ಅರ್ಧಕ್ಕೆ ಕಾವಲು ಬೇಕು, ಸರ್ಕಾರದ ಒಬ್ಬ ಕಾವಲುಗಾರ ಹತ್ತು ಬೆಟ್ಟ ಕಾಯಲಾರ. ಕುರಿ ಮೇಯಿಸುವವರು ದಿನಾ ಎಲ್ಲಾ ಬೆಟ್ಟದ ಮೇಲೂ ಇರುತ್ತಾರೆ. ಅವರ ಫೋನಿನಲ್ಲಿ ಫೋನ್ ಮಾಡಲು ಒಂದು ನಂಬರ್ ಇದ್ದು, ಮಾಡಿದಾಗ ಆ ಕಡೆಯಿಂದ ಮರ್ಯಾದೆಯಿಂದ ಮಾತಾಡುವವರು ಇದ್ದರೆ ಸಾಕು.

ಜೀರ್ಣೋದ್ಧಾರದ ವಿಷಯ ಬೇರೆಯೇ ಒಂದು ಬರಹಕ್ಕೆ ಆಗುವಷ್ಟಿದೆ. ಇಲ್ಲಿ ಇಷ್ಟೇ ಹೇಳುತ್ತೇನೆ. ಊರವರು ಹಳೇ ಗುಡಿ ಕೆಡವಿ ಟೈಲ್ಸ್ ಹಾಕಿಸುವುದು ದೇವರ ಮೇಲಿನ ಭಕ್ತಿಯಿಂದಲೇ. ಅವರಿಗೆ ಎದುರು ನಿಂತು ಕೂಗಾಡಿದರೆ ಆಗದು. ಕಟ್ಟುವ ಮುಂಚೆ ಕಮಿಟಿಯವರ ಜೊತೆ ಕೂತು, ಈ ಕಂಬದ ಮೇಲೆ ನಿಮ್ಮ ಊರಿನ ಹೆಸರು ಎಂಟುನೂರು ವರ್ಷದ ಹಿಂದೆ ಬರೆದಿದ್ದಾರೆ ನೋಡಿ ಅಂತ ಓದಿ ತೋರಿಸುವವರು ಬೇಕು. ಓದಿ ತೋರಿಸಿದ ಮೇಲೂ ಅದರ ಮೇಲೆ ಆಯಿಲ್ ಪೇಂಟ್ ಹೊಡೆದ ಊರನ್ನು ನಾನು ಕಂಡಿಲ್ಲ.

ಬೇರೆ ಕಡೆ ಇದನ್ನು ಮಾಡಿ ತೋರಿಸಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮುದ್ರ ದಂಡೆಯಲ್ಲಿ ಮಕಾ ಅನ್ನುವ ಬುಡಕಟ್ಟು ಇದೆ. 1970ರಲ್ಲಿ ಬಿರುಗಾಳಿಗೆ ಓಜೆಟ್ ಎಂಬಲ್ಲಿ ದಂಡೆ ಕೊಚ್ಚಿ, ಹಿಂದೆ ಮಣ್ಣು ಕುಸಿದು ಮುಚ್ಚಿಹೋಗಿದ್ದ ಅವರ ಪೂರ್ವಿಕರ ಮನೆಗಳು ಹೊರಗೆ ಕಂಡವು. ಬುಡಕಟ್ಟಿನವರೇ ತಮಗೆ ಪರಿಚಯ ಇದ್ದ ರಿಚರ್ಡ್ ಡೌಹರ್ಟಿ ಎಂಬ ಪುರಾತತ್ವಜ್ಞರನ್ನು ಕರೆಸಿದರು. ಹನ್ನೊಂದು ವರ್ಷ ಅಗೆತ ನಡೆಯಿತು, 55,000ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ಬುಡಕಟ್ಟಿನ ಹುಡುಗರು ಕೆಲಸ ಕಲಿತರು, ಹೆಸರು ಗೊತ್ತಿಲ್ಲದ ಸಾಮಾನು ಸಿಕ್ಕಾಗ ಹಿರಿಯರು ನೋಡಿ ಇದು ಇಂಥದ್ದು ಅಂತ ಹೇಳಿದರು. ಸಿಕ್ಕದ್ದು ಎಲ್ಲೂ ಹೋಗಬಾರದು ಅಂತ ಮೊದಲೇ ಮಾತಾಗಿತ್ತು. 1979ರಲ್ಲಿ ಅವರದೇ ಊರಿನಲ್ಲಿ ಅವರದೇ ಮ್ಯೂಸಿಯಂ ತೆರೆಯಿತು. ಕರೆಸಿದವರು ಅವರು, ಇಟ್ಟುಕೊಂಡವರು ಅವರು.

ಅಷ್ಟು ದೂರ ಯಾಕೆ, ತಮಿಳುನಾಡಿನಲ್ಲಿ ಮಧುರೈ ಹತ್ತಿರದ ಕೀಳಡಿ ಎಂಬ ಊರನ್ನು ನೋಡಿ. ತೆಂಗಿನ ತೋಟಗಳಲ್ಲಿ ಅಗೆತ ನಡೆಯಿತು, ಬಸ್ ಮಾಡಿಕೊಂಡು ಜನ ನೋಡಲು ಬಂದರು. ಸಿಕ್ಕ ವಸ್ತುಗಳನ್ನು ಕರ್ನಾಟಕಕ್ಕೆ ಸಾಗಿಸಬಾರದು ಅಂತ ಅಲ್ಲಿಯವರು ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದ ತನಕ ಹೋದರು. ತಮಿಳಿನಲ್ಲಿ ಪುಸ್ತಿಕೆ ಬಂತು, 2023ರಲ್ಲಿ ಊರಲ್ಲೇ ಮ್ಯೂಸಿಯಂ ಆಯಿತು. ಅಲ್ಲಿ ರಾಜಕೀಯವೂ ಜಾಸ್ತಿ ಸೇರಿಕೊಂಡಿತು, ಕಾಲದ ಬಗ್ಗೆ ಜಗಳಗಳೂ ಇವೆ. ಇರಲಿ. ಒಂದು ಮಡಕೆ ಚೂರಿನ ಬಗ್ಗೆ ಚಹಾದಂಗಡಿಯಲ್ಲಿ ಜಗಳ ಆಗುವುದು ನನಗೆ ಒಳ್ಳೆಯದೇ ಅನ್ನಿಸುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು 750ರ ಕಾಲದ ಕಿತ್ತಯ್ಯನ ವೀರಗಲ್ಲಿಗೆ ಸ್ಥಳೀಯರು ಮತ್ತು ಆಸಕ್ತರು ಸೇರಿ ಮಂಟಪ ಕಟ್ಟಿದರು. ಬೆಂಗಳೂರಿನ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಡುತ್ತಿದ್ದಾರೆ. ಕಲ್ಲು ಕಳೆದರೂ ಅಕ್ಷರ ಉಳಿಯುತ್ತದೆ.

ನಮ್ಮಲ್ಲಿಯೂ ಇದಕ್ಕೆ ಬುನಾದಿ ಇಲ್ಲದೇ ಇಲ್ಲ. ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ದುರ್ಗದ ಇತಿಹಾಸಕ್ಕಾಗಿ ಇಡೀ ಬದುಕು ಸವೆಸಿದರು. ದುರ್ಗದಲ್ಲಿ ರಂಗಯ್ಯನ ಬಾಗಿಲಿನ ಮ್ಯೂಸಿಯಂ ಇದೆ. ಊರ ಪಕ್ಕದ ತಮಟಕಲ್ಲಿನಲ್ಲಿ ಸುಮಾರು 500ರ ಕಾಲದ ಕನ್ನಡ ಪದ್ಯದ ಶಾಸನ ಇದೆ, ಗುಣಮಧುರ ಎಂಬ ಒಬ್ಬ ಅರಸನನ್ನು ಹೊಗಳಿದ್ದು. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟಿಬೇರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿದೆ, ಶಾತವಾಹನರ ಸೀಸದ ನಾಣ್ಯಗಳು ಸಿಕ್ಕಿವೆ. ಅಲ್ಲಿಯ ಬಂಡೆಯ ಮೇಲಿನ ಮಯೂರಶರ್ಮನ ಶಾಸನ ಹೇಳುವುದು ಕೆರೆಯ ಬಗ್ಗೆ. ಬಯಲುಸೀಮೆಯ ಜನಕ್ಕೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ಒಬ್ಬ ರಾಜ ತನ್ನ ಹೆಸರು ಕಲ್ಲಿನಲ್ಲಿ ಬರೆಸುವಾಗ ಕೆರೆಯ ಮಾತು ಮೊದಲು ಬರೆಸಿದ ಅಂದರೆ ನಮ್ಮ ರೈತರಿಗೆ ವಿವರಣೆಯೇ ಬೇಡ. ಆದರೆ ಚಂದ್ರವಳ್ಳಿಗೆ ವಾಕಿಂಗ್ ಹೋಗುವ ಎಷ್ಟು ಜನಕ್ಕೆ ಇದು ಗೊತ್ತು?

ಊರವರು, ಸಮುದಾಯ ಅಂತ ಹೇಳುವಾಗ ಒಂದು ಎಚ್ಚರ ಬೇಕು. ಊರು ಅಂದರೆ ದೇವಸ್ಥಾನದ ಕಮಿಟಿ ಮಾತ್ರ ಅಲ್ಲ. ಸಭೆ ಕರೆದರೆ ಮುಂದಿನ ಸಾಲಿನಲ್ಲಿ ಕೂರುವವರು ಯಾರು ಅಂತ ಎಲ್ಲರಿಗೂ ಗೊತ್ತು. ಅಗೆಯುವ ಗುಂಡಿಯಲ್ಲಿ ಇಳಿಯುವವರು ಕೇರಿಯವರು, ಮಣ್ಣು ಜರಡಿ ಹಿಡಿದು ಮಣಿ ಹುಡುಕುವವರು ಹೆಂಗಸರು, ಹಾರ ಹಾಕಿಸಿಕೊಳ್ಳುವವರು ಬೇರೆಯವರು. ಜನರನ್ನು ಸೇರಿಸಿಕೊಂಡು ಮಾಡುವ ಪುರಾತತ್ವ ಅಂದರೆ ಜರಡಿ ಹಿಡಿದವಳ ಹೆಸರೂ ವರದಿಯಲ್ಲಿ ಬರಬೇಕು. ಆಕೆಗೆ ತರಬೇತಿ ಸಿಗಬೇಕು, ಮುಂದಿನ ಸಲ ಕೂಲಿ ಅಲ್ಲದೆ ಸಹಾಯಕಿ ಅಂತ ಸಂಬಳ ಸಿಗಬೇಕು. ಹಾಗೆಯೇ, ಜನರಿಗೆ ಹಿತ ಅಂತ ಸುಳ್ಳು ಹೇಳಬಾರದು. ಒಂದು ಕಲ್ಲು ಸಮಾಧಿಯನ್ನು ಪಾಂಡವರ ಗುಡಿ ಅಂತ ಊರು ಕರೆಯುತ್ತಿದ್ದರೆ ಆ ಹೆಸರನ್ನೂ ಬರೆದುಕೊಳ್ಳಿ, ಆ ಕಥೆಯನ್ನೂ ಬರೆದುಕೊಳ್ಳಿ, ಅದು ಎರಡು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಇಲ್ಲೇ ಬದುಕಿದ್ದವರ ಸಮಾಧಿ ಅನ್ನೋದನ್ನೂ ನೇರವಾಗಿ ಹೇಳಿ. ಜನ ಎರಡನ್ನೂ ಇಟ್ಟುಕೊಳ್ಳುತ್ತಾರೆ. ನಮ್ಮ ಮಕ್ಕಳು ಇಟ್ಟುಕೊಂಡಿದ್ದಾರೆ.

ಇಲ್ಲಿ ಮತ್ತೆ ಯಾರಾದರೂ ಅಗೆಯಲು ಬಂದರೆ ನಾನು ಕೇಳುವುದು ತುಂಬಾ ದೊಡ್ಡದಲ್ಲ. ಗುದ್ದಲಿ ಹಾಕುವ ಮುಂಚೆ ಗ್ರಾಮಸಭೆಯಲ್ಲಿ ಯಾಕೆ ಅಗೆಯುತ್ತೇವೆ ಅಂತ ಕನ್ನಡದಲ್ಲಿ ಹೇಳಿ. ಇಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಅವರಿಗೆ ತೆಲುಗಿನಲ್ಲೂ ಹೇಳಿ. ಅಗೆತ ನಡೆಯುವಾಗ ವಾರಕ್ಕೊಂದು ಸಂಜೆ ಗುಂಡಿಯ ಪಕ್ಕ ನಿಂತು ಆ ವಾರ ಸಿಕ್ಕದ್ದನ್ನು ತೋರಿಸಿ. ಊರಿಂದ ಹೊರಗೆ ಏನು ಹೋದರೂ ಪಟ್ಟಿ ಮಾಡಿ ಒಂದು ಪ್ರತಿ ಪಂಚಾಯ್ತಿಗೆ ಕೊಡಿ. ಮುಗಿದ ಮೇ‌ಲೆ ವರದಿಯ ಸಾರವನ್ನು ಚಿತ್ರ ಸಮೇತ ಕನ್ನಡದಲ್ಲಿ ಅಚ್ಚು ಹಾಕಿಸಿ ಶಾಲೆಗೆ, ಲೈಬ್ರರಿಗೆ ಕೊಡಿ. ಇಷ್ಟಕ್ಕೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಬಜೆಟ್ಟೂ ಬೇಕಿಲ್ಲ. ಸಿಕ್ಕ ಎಲ್ಲವನ್ನೂ ಊರಲ್ಲೇ ಇಡಿ ಅಂತ ನಾನು ಹಟ ಮಾಡುವುದಿಲ್ಲ. ಬೀಗ, ಕಾವಲು, ಗೆದ್ದಲು ಬರದ ಕೋಣೆ ಇಲ್ಲದ ಕಡೆ ಇಟ್ಟು ಹಾಳು ಮಾಡುವುದಕ್ಕಿಂತ ಜಿಲ್ಲಾ ಮ್ಯೂಸಿಯಂನಲ್ಲಿ ಇರುವುದು ಮೇಲು. ಎಲ್ಲಿದೆ ಅಂತ ಊರಿಗೆ ಗೊತ್ತಿರಬೇಕು, ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುವ ವ್ಯವಸ್ಥೆ ಇರಬೇಕು.

ಇದನ್ನು ಓದುತ್ತಿರುವ ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯವರಿಗೆ ಒಂದು ಕೆಲಸ. ನಿಮ್ಮ ಊರಿನಲ್ಲಿ ಅಕ್ಷರ ಇರುವ ಕಲ್ಲು ಕಂಡರೆ ಉಗುರು, ಮೊಳೆ, ತಂತಿ ಬ್ರಷ್ ಹಾಕಿ ಕೆರೆಯಬೇಡಿ, ಆಸಿಡ್ ಹಾಕಬೇಡಿ, ಸುಣ್ಣ ಬಳಿಯಬೇಡಿ. ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ನಡು ಮಧ್ಯಾಹ್ನ ಫೋಟೋ ತೆಗೆದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ ಇಳಿಬಿಸಿಲು ಅಡ್ಡಲಾಗಿ ಬೀಳುವಾಗ ತೆಗೆಯಿರಿ, ಇಲ್ಲದಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಸರ್ವೆ ನಂಬರ್, ಹೊಲದ ಯಜಮಾನರ ಒಪ್ಪಿಗೆ, ಊರವರು ಆ ಕಲ್ಲಿಗೆ ಕರೆಯುವ ಹೆಸರು, ಮೂರನ್ನೂ ಬರೆದುಕೊಳ್ಳಿ. ಆಮೇಲೆ ಆ ಊರಿನ ಶಾಲೆಗೆ ಒಂದು ಪ್ರತಿ ಕೊಟ್ಟು, ಇನ್ನೊಂದನ್ನು ಶಾಸನ ಓದಬಲ್ಲವರಿಗೆ ಕಳಿಸಿ. ಅವರು ಓದಿ ಹೇಳಿದ್ದನ್ನು ಮೊದಲು ಆ ಹೊಲದ ಯಜಮಾನರಿಗೆ ಹೋಗಿ ಹೇಳಿ.